ಸಿದ್ಧ ಮನೆ: ಕೊಳ್ಳುವಾಗ ಸರಕು, ಇಳಿಸಿದ ಮೇಲೆ ಕಟ್ಟಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಮೊದಲರ್ಧವನ್ನು ಅಳಿಸಿಹಾಕುವುದಾಗಿ ಹೇಳಿಕೊಳ್ಳುವ ಸರಕೊಂದು ಇತ್ತೀಚಿನ ವರ್ಷಗಳಲ್ಲಿ ಅಂತರಜಾಲದ ವ್ಯಾಪಾರ ತಾಣಗಳಲ್ಲಿ ಕಾಣಿಸಿಕೊಂಡಿದೆ. ಕಾರ್ಖಾನೆಯಲ್ಲಿ ಸಿದ್ಧಗೊಂಡು, ಲಾರಿಯ ಮೇಲೆ ಬಂದು, ಕ್ರೇನಿನ ಸಹಾಯದಿಂದ ಹಿತ್ತಿಲಿನಲ್ಲೋ ಹೊಲದ ಅಂಚಿನಲ್ಲೋ ಇಳಿಯುವ ಪುಟ್ಟ ಮನೆಯೇ ಆ ಸರಕು. ಚಿತ್ರ ನೋಡಿ, ಬಣ್ಣ ಆರಿಸಿ, ಮುಂಗಡ ಪಾವತಿಸಿದರೆ ಕೆಲವೇ ವಾರಗಳಲ್ಲಿ ಮನೆ ಬಾಗಿಲಿಗೆ ಮನೆಯೇ ಬರುತ್ತದೆ ಎಂಬುದು ಮಾರಾಟಗಾರರ ಭರವಸೆ.

ಹೈದರಾಬಾದಿನಂತಹ ನಗರದಲ್ಲಿ ಈ ಭರವಸೆಗೆ ಕಿವಿಗೊಡುವವರು ಹೆಚ್ಚಾಗಿರುವುದು ಸಹಜ. ಊರಿನಿಂದ ಬಂದು ನೆಲೆಸಿದ ವೃದ್ಧ ತಂದೆತಾಯಿಗಳಿಗೆ ಪ್ರತ್ಯೇಕ ಕೋಣೆ ಬೇಕು. ಮದುವೆಯಾದ ಮಗನಿಗೆ ಬೇರೆ ಒಲೆ ಬೇಕು. ಮಾಧಾಪುರ, ಗಚ್ಚಿಬೌಲಿಗಳ ಕಚೇರಿಗಳಿಗೆ ಹೋಗುವ ತರುಣರಿಗೆ ಬಾಡಿಗೆ ಕೋಣೆ ಬೇಕು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಹೋಗಿ ಅಲ್ಲಿ ನೆಲೆ ಕಂಡ ಕನ್ನಡ ಕುಟುಂಬಗಳ ಅಗತ್ಯಗಳೂ ಇವೇ. ಇಟ್ಟಿಗೆ, ಸಿಮೆಂಟು, ಮೇಸ್ತ್ರಿ, ನೀರು ಇವುಗಳ ಗೊಡವೆಯಿಲ್ಲದೆ ಒಂದು ಕೋಣೆ ದೊರೆಯುವುದಾದರೆ ಯಾರಿಗೆ ಬೇಡ?

ಆದರೆ ಈ ವ್ಯವಹಾರದಲ್ಲಿ ಮಾರಾಟಗಾರನ ದೃಷ್ಟಿ ಒಂದು, ನಗರಪಾಲಿಕೆಯ ದೃಷ್ಟಿ ಇನ್ನೊಂದು. ಮಾರುವವನಿಗೆ ಅದು ಬೀರು, ಶೀತಕ ಪೆಟ್ಟಿಗೆಗಳಂತೆ ಒಂದು ಸರಕು. ನೆಲಕ್ಕೆ ಇಳಿದ ಮರುಕ್ಷಣ ಪಾಲಿಕೆಯ ಪಾಲಿಗೆ ಅದು ಕಟ್ಟಡ. ಇವೆರಡರ ನಡುವೆ ನಿಲ್ಲುವವನು ಹಣ ತೆತ್ತ ಗ್ರಾಹಕ. ಹಲವು ಲಕ್ಷ ರೂಪಾಯಿಗಳನ್ನು ತೊಡಗಿಸುವ ಮುನ್ನ ಅವನು ಈ ಅಂತರವನ್ನು ಅರಿತಿರಬೇಕಾದುದು ಅಗತ್ಯ.

ಕಲ್ಪನೆ ಹಳೆಯದು

ಅಂಚೆಯ ಮೂಲಕ ಮನೆ ಕೊಳ್ಳುವ ಪದ್ಧತಿಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಮೆರಿಕದ ಸಿಯರ್ಸ್ ರೋಬಕ್ ಸಂಸ್ಥೆಯು 1908ರಲ್ಲಿ ಮನೆಗಳ ಸಚಿತ್ರ ಪಟ್ಟಿಯನ್ನು ಪ್ರಕಟಿಸಿ, 1940ರವರೆಗೆ ಸುಮಾರು 70 ಸಾವಿರ ಮನೆಗಳ ಸಾಮಗ್ರಿಯನ್ನು ಮಾರಿತು. ಅಳತೆಗೆ ತಕ್ಕಂತೆ ಕತ್ತರಿಸಿ, ಅಂಕಿ ಹಾಕಿದ ಮರದ ತುಂಡುಗಳು ರೈಲಿನಲ್ಲಿ ಬರುತ್ತಿದ್ದವು. ಕೊಂಡವನು ತನ್ನ ನಿವೇಶನದಲ್ಲಿ ಅವುಗಳನ್ನು ಜೋಡಿಸಿಕೊಳ್ಳುತ್ತಿದ್ದನು.

ನಮ್ಮ ದೇಶದ ಮೊದಲ ದೊಡ್ಡ ಪ್ರಯೋಗಕ್ಕೆ ಮೈಸೂರಿನ ನಂಟಿದೆ. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಜರ್ಮನ್ ಮೂಲದ ಆಟೊ ಕೋನಿಗ್ಸ್‌ಬರ್ಗರ್ ಅವರು ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯ ನಿರಾಶ್ರಿತರಿಗೆ ಶೀಘ್ರವಾಗಿ ಸೂರು ಒದಗಿಸಲು ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಹಗುರ ಕಾಂಕ್ರೀಟಿನ ಗೋಡೆ ಹಲಗೆಗಳನ್ನು ಅಲ್ಲಿ ಎರಕ ಹೊಯ್ದು, ನಿವೇಶನದಲ್ಲಿ ಜೋಡಿಸುವುದು ಯೋಜನೆಯಾಗಿತ್ತು. ಹಲಗೆಗಳು ಬಿರುಕು ಬಿಟ್ಟವು. ಪ್ರಯೋಗ ತೀವ್ರ ಟೀಕೆಗೆ ಗುರಿಯಾಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟರು. ಕಾರ್ಖಾನೆಯು ಮುಂದೆ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂದೂ, 1978ರಿಂದ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಎಂದೂ ಹೆಸರು ಪಡೆದು ರೈಲ್ವೆ ಸ್ಲೀಪರು ಮೊದಲಾದ ಕಾಂಕ್ರೀಟ್ ವಸ್ತುಗಳ ತಯಾರಿಕೆಯಲ್ಲಿ ನಿಂತಿತು. ಕಾರ್ಖಾನೆಯಲ್ಲಿ ಮನೆ ಮಾಡುವುದು ಸುಲಭ, ಅದನ್ನು ನಿವೇಶನಕ್ಕೆ ಸುರಕ್ಷಿತವಾಗಿ ತಲುಪಿಸಿ ಸಂದುಗಳನ್ನು ಮುಚ್ಚುವುದೇ ಕಷ್ಟ ಎಂಬುದು ಆಗಲೇ ತಿಳಿದುಬಂದ ಸಂಗತಿ. ಇಂದಿನ ಗ್ರಾಹಕರ ಅಳಲೂ ಬಹುಮಟ್ಟಿಗೆ ಸಂದುಗಳಲ್ಲಿಯೇ ಇದೆ.

ತಂತ್ರಜ್ಞಾನ ಆ ಬಳಿಕ ಬಹಳಷ್ಟು ಮುಂದುವರಿದಿದೆ. ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಪ್ರವರ್ತನ ಮಂಡಳಿಯನ್ನು ಕೇಂದ್ರ ಸರ್ಕಾರ 1990ರಲ್ಲಿ ಸ್ಥಾಪಿಸಿತು. ಹೊಸ ನಿರ್ಮಾಣ ಪದ್ಧತಿಗಳನ್ನು ಪರಿಶೀಲಿಸಿ ಕಾರ್ಯನಿರ್ವಹಣೆಯ ಪ್ರಮಾಣಪತ್ರ ನೀಡುವುದು ಅದರ ಕೆಲಸಗಳಲ್ಲೊಂದು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಮಂಡಳಿಯು 32 ಮನೆಗಳ ಮಾದರಿ ಯೋಜನೆಯನ್ನು ಕೈಗೊಂಡು, ಹಗುರ ಉಕ್ಕಿನ ಚೌಕಟ್ಟಿನಂತಹ ಹೊಸ ವಿಧಾನಗಳನ್ನು ಅಲ್ಲಿ ಬಳಸಿತು. 2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಆರು 'ಲೈಟ್ ಹೌಸ್' ಯೋಜನೆಗಳ ಪೈಕಿ ಇಂದೋರಿನಲ್ಲಿ ಪೂರ್ವನಿರ್ಮಿತ ಪದರ ಹಲಗೆಗಳನ್ನೂ, ರಾಂಚಿಯಲ್ಲಿ ಇಡೀ ಕೋಣೆಗಳನ್ನೇ ಎರಕ ಹೊಯ್ದು ಒಂದರ ಮೇಲೊಂದು ಕೂರಿಸುವ ಕ್ರಮವನ್ನೂ ಆರಿಸಿಕೊಳ್ಳಲಾಯಿತು. ಆದ್ದರಿಂದ ಪೂರ್ವನಿರ್ಮಿತ ಎಂದೊಡನೆ ತಾತ್ಕಾಲಿಕ, ಅಗ್ಗ ಎಂದು ಭಾವಿಸುವುದು ತಪ್ಪು. ಹಾಗೆಯೇ, ಎಂಜಿನಿಯರರ ನಿಗಾದಲ್ಲಿ ನಿಂತ ಇಂತಹ ವಸತಿ ಸಮುಚ್ಚಯಗಳ ಕೀರ್ತಿಯನ್ನು, ಅಂತರಜಾಲದಲ್ಲಿ ಚಿತ್ರ ತೋರಿಸಿ ಮಾರುವ ತಗಡಿನ ಪೆಟ್ಟಿಗೆಗೂ ಅನ್ವಯಿಸಿಕೊಳ್ಳುವುದು ಅಷ್ಟೇ ತಪ್ಪು.

ಚರವೋ, ಸ್ಥಿರವೋ?

"ಅಡಿಪಾಯವಿಲ್ಲ, ಆದ್ದರಿಂದ ಪರವಾನಗಿ ಬೇಕಿಲ್ಲ." ಜಾಹೀರಾತುಗಳಲ್ಲಿ ಆಗಾಗ ಕಾಣಸಿಗುವ ಈ ವಾಕ್ಯ ಗ್ರಾಹಕರನ್ನು ಹಾದಿ ತಪ್ಪಿಸುವಷ್ಟು ಬೇರೆ ಯಾವುದೂ ತಪ್ಪಿಸದು. ಇದರ ಹಿಂದೆ ತಕ್ಕಮಟ್ಟಿನ ಕಾನೂನಿನ ತರ್ಕವೂ ಇರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ 'ಭೂಮಿಗೆ ಲಗತ್ತಾದದ್ದು' ಎಂದರೆ ಮರದಂತೆ ನೆಲದಲ್ಲಿ ಬೇರೂರಿದ್ದು, ಗೋಡೆಯಂತೆ ನೆಲದಲ್ಲಿ ಹುದುಗಿದ್ದು, ಅಥವಾ ಹಾಗೆ ಹುದುಗಿದ್ದಕ್ಕೆ ಶಾಶ್ವತ ಉಪಯೋಗದ ಸಲುವಾಗಿ ಸೇರಿಸಿದ್ದು. ಬೋಲ್ಟು ಬಿಚ್ಚಿ ಎತ್ತಿಕೊಂಡು ಹೋಗಬಹುದಾದ ವಸ್ತು ಈ ಅರ್ಥದೊಳಗೆ ಬರುವುದೇ? ಸಿರಪುರ ಕಾಗದ ಕಾರ್ಖಾನೆ ಹಾಗೂ ಹೈದರಾಬಾದಿನ ಕೇಂದ್ರ ಅಬಕಾರಿ ಸುಂಕದ ಕಲೆಕ್ಟರರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಿತು. ಕಾಗದ ತಯಾರಿಸುವ ಬೃಹತ್ ಯಂತ್ರವನ್ನು ಅದುರದಂತೆ ಕಾಂಕ್ರೀಟಿನ ತಳಕ್ಕೆ ಬಿಗಿಯಲಾಗಿತ್ತು. ಬಿಗಿದ ಮಾತ್ರಕ್ಕೆ ಅದು ಸ್ಥಿರಾಸ್ತಿಯಾಗದು, ಬಿಚ್ಚಿ ಮಾರಲು ಬರುವುದರಿಂದ ಅದು ಸುಂಕಕ್ಕೆ ಒಳಪಡುವ ಸರಕೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಸಿದ್ಧ ಮನೆಯ ಮಾರಾಟಗಾರ ತನ್ನ ಪೆಟ್ಟಿಗೆ ಚರಾಸ್ತಿ ಎಂದು ವಾದಿಸಿದರೆ, ತೆರಿಗೆಯ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿದೆ.

ಆದರೆ ತೆರಿಗೆಯ ಕಾಯಿದೆ ಬೇರೆ, ನಗರದ ಕಾಯಿದೆ ಬೇರೆ. ಹೈದರಾಬಾದಿಗೆ ಅನ್ವಯಿಸುವ 1955ರ ನಗರಪಾಲಿಕೆ ಕಾಯಿದೆಯು 'ಕಟ್ಟಡ' ಎಂಬ ಪದದೊಳಗೆ ಮನೆ, ಹೊರಮನೆ, ಲಾಯ, ಷೆಡ್ಡು, ಗುಡಿಸಲು ಎಲ್ಲವನ್ನೂ ಸೇರಿಸುತ್ತದೆ. ಕಲ್ಲು, ಇಟ್ಟಿಗೆ, ಮರ, ಮಣ್ಣು, ಲೋಹ, ಯಾವುದರಿಂದಲೇ ಮಾಡಿರಲಿ. ನೆಲದಲ್ಲಿ ಹುದುಗಿದೆಯೇ ಎಂಬುದು ಅಲ್ಲಿ ಮುಖ್ಯವಲ್ಲ. ಹೀಗಾಗಿ ಒಂದೇ ಪೆಟ್ಟಿಗೆ ಒಬ್ಬ ಅಧಿಕಾರಿಯ ಕಡತದಲ್ಲಿ ಸರಕಾಗಿಯೂ ಮತ್ತೊಬ್ಬ ಅಧಿಕಾರಿಯ ಕಡತದಲ್ಲಿ ಕಟ್ಟಡವಾಗಿಯೂ ನಮೂದಾದರೆ ಇಬ್ಬರೂ ಸರಿಯೇ.

ತೆಲಂಗಾಣದ 2020ರ ಕಟ್ಟಡ ಅನುಮತಿ ಮತ್ತು ಸ್ವಯಂ ದೃಢೀಕರಣ ಕಾಯಿದೆಯು ಸಣ್ಣ ನಿವೇಶನದವರಿಗೆ ದೊಡ್ಡ ರಿಯಾಯಿತಿಯನ್ನು ನೀಡಿದೆ. 75 ಚದರ ಗಜದವರೆಗಿನ ನಿವೇಶನದಲ್ಲಿ, 7 ಮೀಟರ್ ಎತ್ತರ ಮೀರದ ವಾಸದ ಮನೆಗೆ ಅನುಮತಿ ಬೇಕಿಲ್ಲ. ಒಂದು ರೂಪಾಯಿ ಶುಲ್ಕದೊಂದಿಗೆ ನೋಂದಣಿ ಸಾಕು. 75 ಚದರ ಗಜವೆಂದರೆ 675 ಚದರ ಅಡಿ. ಕರ್ನಾಟಕದವರ ಲೆಕ್ಕದಲ್ಲಿ 20–30ರ ಸೈಟು ಇದರೊಳಗೆ ಬರುತ್ತದೆ. ಅದಕ್ಕಿಂತ ದೊಡ್ಡದಾದ, 600 ಚದರ ಗಜದವರೆಗಿನ ನಿವೇಶನಗಳಲ್ಲಿ 10 ಮೀಟರ್ ಎತ್ತರದವರೆಗಿನ ಮನೆಗೆ ಸ್ವಯಂ ದೃಢೀಕರಣದ ಮೇಲೆ ತಕ್ಷಣವೇ ಅನುಮತಿ ದೊರೆಯುತ್ತದೆ.

ಇಲ್ಲಿ ಎಡವುವವರು ಬಹಳ. 75 ಚದರ ಗಜ ಎಂಬ ಮಿತಿ ನಿವೇಶನದ್ದು, ಮನೆಯದ್ದಲ್ಲ. 300 ಗಜದ ನಿವೇಶನದ ಹಿಂಬದಿಯಲ್ಲಿ 160 ಚದರ ಅಡಿಯ ಪೆಟ್ಟಿಗೆ ಇಡುವವನು "ನನ್ನದು ಚಿಕ್ಕದು" ಎಂದು ಈ ರಿಯಾಯಿತಿ ಕೇಳುವಂತಿಲ್ಲ. ಅದಕ್ಕಿಂತ ಕಠಿಣವಾದ ಅಡ್ಡಿ ಇನ್ನೊಂದಿದೆ. ನಗರದ ಸಾಮಾನ್ಯ ನಿವೇಶನದಲ್ಲಿ ನಾವು ಹಿತ್ತಿಲು ಎನ್ನುವ ಜಾಗ ವಾಸ್ತವವಾಗಿ ಸೆಟ್‌ಬ್ಯಾಕ್, ಅಂದರೆ ಗಾಳಿ, ಬೆಳಕು, ಅಗ್ನಿಶಾಮಕ ಸಿಬ್ಬಂದಿಯ ಓಡಾಟಕ್ಕೆಂದು ಕಟ್ಟಡದ ಸುತ್ತ ಬಿಡಲೇಬೇಕಾದ ತೆರವು. ಮೂಲ ಮನೆಯ ನಕ್ಷೆ ಮಂಜೂರಾದದ್ದೇ ಆ ತೆರವನ್ನು ಕಾಯ್ದುಕೊಳ್ಳುವ ಷರತ್ತಿನ ಮೇಲೆ. ಜಾಹೀರಾತಿನ ಚಿತ್ರದಲ್ಲಿ ಹಸಿರು ಹುಲ್ಲಿನ ನಡುವೆ ನಿಂತಿರುವ ಪುಟ್ಟ ಮನೆ ವಿಶಾಲ ಅಂಗಳವಿರುವ ದೇಶಗಳದ್ದು. ನಮ್ಮ ಬಡಾವಣೆಗಳಲ್ಲಿ ಅದು ಕೂರುವುದು ಈ ತೆರವಿನ ಮೇಲೆಯೇ. ಸುಳ್ಳು ದೃಢೀಕರಣ ನೀಡಿ ನಿಲ್ಲಿಸಿದ ಕಟ್ಟಡವನ್ನು ನೋಟೀಸಿಲ್ಲದೆ ಕೆಡವಲು 2020ರ ಕಾಯಿದೆ ಅಧಿಕಾರ ನೀಡುತ್ತದೆ ಎಂಬುದನ್ನೂ ಗಮನಿಸಬೇಕು.

ಗೃಹಸಾಲದ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡಿದೆ. ಬ್ಯಾಂಕುಗಳು ನೆಲವನ್ನೂ ಅದರ ಮೇಲೆ ಮಂಜೂರಾದ ನಕ್ಷೆಯಂತೆ ಕಟ್ಟಿದ ಮನೆಯನ್ನೂ ಅಡಮಾನವಾಗಿ ಪಡೆದು ಸಾಲ ಕೊಡುತ್ತವೆ. ಎತ್ತಿಕೊಂಡು ಹೋಗಬಹುದೆಂಬ ಗುಣವೇ ಪೆಟ್ಟಿಗೆಯ ಹೆಗ್ಗಳಿಕೆಯಾದರೆ, ಸಾಲ ಕೊಡುವವನಿಗೆ ಅದೇ ಅದರ ದೋಷ. ಸರ್ಕಾರದ ವಸತಿ ಯೋಜನೆಗಳ ನೆರವನ್ನು ನಿರೀಕ್ಷಿಸುವವರು ಅಳತೆಯನ್ನೂ ನೋಡಿಕೊಳ್ಳಬೇಕು: ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. 20 ಅಡಿಯ ಒಂದು ಪೆಟ್ಟಿಗೆಯ ಹೊರ ವಿಸ್ತೀರ್ಣ 15 ಚದರ ಮೀಟರನ್ನೂ ಮುಟ್ಟುವುದಿಲ್ಲ.

ಕೆರೆಯಂಚಿನ ತೋಟದ ಮನೆ

ಸಿದ್ಧ ಮನೆಗಳಿಗೆ ನಗರದೊಳಗಿಗಿಂತ ನಗರದ ಹೊರವಲಯದಲ್ಲಿ ಆಕರ್ಷಣೆ ಹೆಚ್ಚು. ವಾರದ ಕೊನೆಗೆ ಹೋಗಿ ಬರಲು ತೋಟದ ಮನೆ ಬೇಕೆನ್ನುವವರು ಕಾಲು ಎಕರೆ ಕೊಂಡು, ಅದರಲ್ಲೊಂದು ಪೆಟ್ಟಿಗೆ ಇಳಿಸಿ, ಮುಂದೆ ಜಗಲಿ ಜೋಡಿಸಿಕೊಳ್ಳುತ್ತಾರೆ. ಕೃಷಿಭೂಮಿಯನ್ನು ವಾಸಕ್ಕೆ ಬಳಸಲು ಕಂದಾಯ ಇಲಾಖೆಯ ಪರಿವರ್ತನೆ ಬೇಕೆಂಬುದು ಕರ್ನಾಟಕದಂತೆ ಅಲ್ಲಿಯೂ ನಿಯಮವೇ. ಆದರೆ ಹೈದರಾಬಾದಿನ ಪಶ್ಚಿಮಕ್ಕೆ ಅದರ ಮೇಲೆ ಇನ್ನೊಂದು ಕಟ್ಟೂ ಇದೆ, ಮತ್ತು ಅದರ ಬೇರು ಒಂದು ಪ್ರವಾಹದಲ್ಲಿದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮರ ಆಹ್ವಾನದ ಮೇಲೆ ಹೈದರಾಬಾದಿಗೆ ತೆರಳಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯ ನೀರನ್ನು ಹಿಡಿದಿಡುವುದೇ ಪರಿಹಾರವೆಂದು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಈ ಎರಡು ಜಲಾಶಯಗಳ ಜಲಾನಯನವನ್ನು ಕಾಪಾಡಲು ಅಂದಿನ ಆಂಧ್ರಪ್ರದೇಶ ಸರ್ಕಾರ 1996ರ ಮಾರ್ಚ್ 8ರಂದು ಹೊರಡಿಸಿದ 111ನೆಯ ಸಂಖ್ಯೆಯ ಆದೇಶವು, 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯಕಾರಿ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿರ್ಬಂಧಿಸಿತು. 2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ 69ನೆಯ ಸಂಖ್ಯೆಯ ಆದೇಶದ ಮೂಲಕ, ಷರತ್ತುಗಳಿಗೊಳಪಟ್ಟು, ಇದನ್ನು ಸಡಿಲಿಸಿತು. ಈ ಸಡಿಲಿಕೆಯನ್ನು ಪೂರ್ಣ ಮುಕ್ತಿ ಎಂದು ಬಣ್ಣಿಸಿ ಜಮೀನು ತುಂಡು ಮಾಡಿ ಮಾರುವವರ ಮಾತನ್ನು ನಂಬುವ ಬದಲು, ಸರ್ವೆ ನಂಬರನ್ನು ನಮೂದಿಸಿ ಹೈದರಾಬಾದ್ ಮಹಾನಗರ ಅಭಿವೃದ್ಧಿ ಪ್ರಾಧಿಕಾರದಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ. ಬಾಯಿಮಾತಿನ ಉತ್ತರ ಉತ್ತರವಲ್ಲ.

ಕೆರೆಗಳ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. 2012ರ ಕಟ್ಟಡ ನಿಯಮಗಳಂತೆ 10 ಹೆಕ್ಟೇರು ಅಥವಾ ಅದಕ್ಕೆ ಮೇಲ್ಪಟ್ಟ ಕೆರೆಯ ಪೂರ್ಣ ಜಲಮಟ್ಟದ ಗಡಿಯಿಂದ 30 ಮೀಟರ್, ಅದಕ್ಕಿಂತ ಚಿಕ್ಕ ಕೆರೆಯಾದರೆ 9 ಮೀಟರ್ ಅಂತರದಲ್ಲಿ ಯಾವ ಕಟ್ಟಡವೂ ಸಲ್ಲದು. ಬೇಸಿಗೆಯಲ್ಲಿ ನೋಡಿದಾಗ ಒಣಗಿ ಬಿರಿದ ನೆಲ ಮಳೆಗಾಲದಲ್ಲಿ ಕೆರೆಯಾಗಿರುತ್ತದೆ. 2020ರ ಅಕ್ಟೋಬರಿನ ಮಳೆಯಲ್ಲಿ ಕೆರೆಗಳ ಪಾತ್ರದಲ್ಲಿದ್ದ ಬಡಾವಣೆಗಳು ಮುಳುಗಿದುದನ್ನು ಹೈದರಾಬಾದಿನ ಜನ ಮರೆತಿಲ್ಲ. 2024ರ ಜುಲೈಯಲ್ಲಿ ರಚನೆಯಾದ 'ಹೈಡ್ರಾ' ಸಂಸ್ಥೆ ಕೆರೆಯಂಗಳದ ಒತ್ತುವರಿಗಳನ್ನು ತೆರವುಗೊಳಿಸತೊಡಗಿತು. ಪೆಟ್ಟಿಗೆ ಮನೆಯನ್ನು ಎತ್ತಿ ಬೇರೆಡೆ ಸಾಗಿಸಬಹುದಲ್ಲ ಎಂಬ ಸಮಾಧಾನ ಆಗ ಹೆಚ್ಚು ಉಪಯೋಗಕ್ಕೆ ಬಾರದು. ಕ್ರೇನು, ಲಾರಿ ಮತ್ತು ಇಳಿಸಲು ಇನ್ನೊಂದು ನೆಲ, ಮೂರೂ ಒಂದೇ ದಿನ ಒದಗಬೇಕಲ್ಲ.

ಪೆಟ್ಟಿಗೆಯ ಒಳಗೆ

ಸಿದ್ಧ ಮನೆ ಅಷ್ಟು ಕಿರಿದಾಗಿರಲು ಕಾರಣ ವಾಸ್ತುಶಿಲ್ಪಿಯಲ್ಲ, ರಸ್ತೆ. ಮೋಟಾರು ವಾಹನ ನಿಯಮಗಳಂತೆ ಸಾಮಾನ್ಯ ವಾಹನದ ಅಗಲ 2.6 ಮೀಟರನ್ನು ಮೀರುವಂತಿಲ್ಲ. ಆದ್ದರಿಂದ ಇಡಿಯಾಗಿ ಬರುವ ಮನೆಯ ಅಗಲವೂ ಅಷ್ಟರೊಳಗೆ ಅಡಗಬೇಕು. ಅದಕ್ಕಿಂತ ಅಗಲವಾದದ್ದು ಬೇಕೆಂದರೆ ಬಿಡಿ ಹಲಗೆಗಳಾಗಿ ಬಂದು ಸ್ಥಳದಲ್ಲಿ ಜೋಡಣೆಯಾಗಬೇಕು.

ಹಳೆಯ ಹಡಗಿನ ಕಂಟೇನರುಗಳನ್ನು ಮನೆಯಾಗಿಸಿ ಮಾರುವುದೂ ಇದೆ. 20 ಅಡಿಯ ಕಂಟೇನರಿನ ಹೊರ ಅಗಲ 2.44 ಮೀಟರ್, ಒಳ ಅಗಲ ಸುಮಾರು 2.35 ಮೀಟರ್, ಒಳ ಎತ್ತರ ಸುಮಾರು 2.39 ಮೀಟರ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ, ಅದೊಂದೇ ಕೋಣೆಯಾದಲ್ಲಿ, ಕನಿಷ್ಠ 9.5 ಚದರ ಮೀಟರ್ ವಿಸ್ತೀರ್ಣ, 2.4 ಮೀಟರ್ ಅಗಲ ಮತ್ತು 2.75 ಮೀಟರ್ ಎತ್ತರವನ್ನು ಸೂಚಿಸಿದೆ. ಕಂಟೇನರು ವಿಸ್ತೀರ್ಣದಲ್ಲಿ ಉತ್ತೀರ್ಣವಾಗಿ ಅಗಲದಲ್ಲಿ ಕೂದಲೆಳೆಯಷ್ಟು, ಎತ್ತರದಲ್ಲಿ ಗೇಣಿಗೂ ಮಿಕ್ಕಿ ಅನುತ್ತೀರ್ಣವಾಗುತ್ತದೆ. ಎತ್ತರದ ಮಾದರಿಯ ಕಂಟೇನರು ಕೂಡ 2.7 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಶಾಖ ತಡೆಯಲು ಒಳಗೋಡೆಗೆ ಹೊದಿಕೆ ಹಾಕಿದರೆ ಅಗಲ ಇನ್ನೂ ಕುಗ್ಗುತ್ತದೆ. ಸಂಹಿತೆ ಸ್ವತಃ ಕಾನೂನಲ್ಲ, ಸ್ಥಳೀಯ ಸಂಸ್ಥೆಗಳು ಅಳವಡಿಸಿಕೊಂಡಂತೆ ಅದು ಜಾರಿಗೆ ಬರುತ್ತದೆ. ಹಾಗೆಂದು ಸಂಹಿತೆಯ ಎತ್ತರ ಅಧಿಕಾರಿಗಳ ತೃಪ್ತಿಗಾಗಿ ಗೊತ್ತುಪಡಿಸಿದ್ದಲ್ಲ. ತಗ್ಗು ಛಾವಣಿಯ ಕೋಣೆಯಲ್ಲಿ ಬಿಸಿಗಾಳಿ ತಲೆಯ ಮೇಲೆಯೇ ನಿಲ್ಲುತ್ತದೆ.

ಹೈದರಾಬಾದಿನ ಏಪ್ರಿಲ್–ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬರಿಯ ಉಕ್ಕಿನ ತಗಡಿನ ಕೆಳಗೆ ಆ ಮಧ್ಯಾಹ್ನಗಳನ್ನು ಒಬ್ಬ ವೃದ್ಧೆ ಹೇಗೆ ಕಳೆಯಬೇಕೆಂಬುದನ್ನು ಕೊಳ್ಳುವವರು ಯೋಚಿಸಬೇಕು. ಎರಡು ತಗಡುಗಳ ನಡುವೆ ಶಾಖನಿರೋಧಕ ಪದರವಿರುವ ಹಲಗೆಗಳು ಇದಕ್ಕೆ ಉತ್ತರ. ಆದರೆ ಪದರಗಳಲ್ಲಿ ವ್ಯತ್ಯಾಸವಿದೆ. ಥರ್ಮೋಕೋಲ್ ಅಗ್ಗ, ಪಾಲಿಯುರೆಥೇನ್ ನೊರೆ ಶಾಖವನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ, ಆದರೆ ಎರಡೂ ಬೆಂಕಿ ಹೊತ್ತಿದರೆ ಉರಿಯುವ ವಸ್ತುಗಳು, ದಟ್ಟ ಹೊಗೆ ಉಗುಳುವಂಥವು. ಕಲ್ಲನ್ನು ಕರಗಿಸಿ ಎಳೆ ತೆಗೆದ ರಾಕ್‌ವೂಲ್ ಉರಿಯುವುದಿಲ್ಲ. ಒಲೆ ಹಚ್ಚುವ ಪೆಟ್ಟಿಗೆಗೆ ಇದೇ ತಕ್ಕುದು, ತೂಕ ಹೆಚ್ಚಾದರೂ ಚಿಂತೆಯಿಲ್ಲ. ಒಂದೇ ಬಾಗಿಲು, ಸರಳು ಹಾಕಿದ ಒಂದೇ ಕಿಟಕಿಯ ಮಾದರಿಗಳು ವ್ಯಾಪಾರ ತಾಣಗಳಲ್ಲಿ ಧಾರಾಳವಾಗಿವೆ. ಅವುಗಳನ್ನು ಮಲಗುವ ಕೋಣೆಯಾಗಿ ಆರಿಸಿಕೊಳ್ಳಲೇಬಾರದು. ಛಾವಣಿಗೆ ಬಿಸಿಲನ್ನು ಹಿಂದಕ್ಕೆರೆಯುವ ಬಿಳಿ ಲೇಪ ಹಚ್ಚುವುದು ಅಲ್ಪ ವೆಚ್ಚದ ಉಪಾಯ. ತೆಲಂಗಾಣ ಸರ್ಕಾರ 2023ರಲ್ಲಿ ಪ್ರಕಟಿಸಿದ ತಂಪು ಛಾವಣಿ ನೀತಿ ಇದನ್ನೇ ಪ್ರೋತ್ಸಾಹಿಸುತ್ತದೆ.

ವಿದ್ಯುತ್ತಿನ ವಿಷಯ ಎಲ್ಲಕ್ಕಿಂತ ಗಂಭೀರ. ಇಟ್ಟಿಗೆ ಗೋಡೆಯ ಮನೆಯಲ್ಲಿ ತಂತಿಯ ಹೊದಿಕೆ ಸವೆದರೆ ಒಂದು ಸ್ವಿಚ್ಚಿನಲ್ಲಿ ಅಪಾಯ. ಉಕ್ಕಿನ ಮನೆಯಲ್ಲಾದರೋ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲವೂ ಏಕಕಾಲಕ್ಕೆ ವಿದ್ಯುದಾವೇಶಗೊಳ್ಳಬಹುದು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವನ ಗತಿಯನ್ನು ವಿವರಿಸಬೇಕಿಲ್ಲ. ಪೆಟ್ಟಿಗೆಯ ಲೋಹದ ಚೌಕಟ್ಟಿಗೆ ಪ್ರತ್ಯೇಕ ಭೂಸಂಪರ್ಕ, ಅಂದರೆ ಅರ್ಥಿಂಗ್, ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಸುರಕ್ಷಾ ಸ್ವಿಚ್ಚು ಇವೆರಡೂ ಇರಬೇಕು. ಮೂಲ ಮನೆಯಿಂದ ಕಿಟಕಿಯ ಮೂಲಕ ತಂತಿ ಎಳೆದು ಹಿತ್ತಿಲ ಮನೆಗೆ ಬೆಳಕು ಕೊಡುವ ರೂಢಿ ಸಾಮಾನ್ಯವಾಗಿದ್ದರೂ ಅತ್ಯಂತ ಅಪಾಯಕಾರಿ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಾ ವರದಿ ಪಡೆದ ನಂತರವೇ ಯಾರನ್ನಾದರೂ ಅಲ್ಲಿ ಮಲಗಿಸತಕ್ಕದ್ದು.

ಅಡಿಪಾಯವಿಲ್ಲದ ಹಗುರ ಮನೆಗೆ ಗಾಳಿಯೂ ಶತ್ರು. ಭಾರತೀಯ ಮಾನಕದಂತೆ ಬೆಂಗಳೂರಿನಲ್ಲಿ ಕಟ್ಟಡ ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಹೈದರಾಬಾದಿನಲ್ಲಿ 44, ಅಂದರೆ ಗಂಟೆಗೆ ಸುಮಾರು 158 ಕಿಲೋಮೀಟರ್. ಬೆಂಗಳೂರಿನಲ್ಲಿ ಮಾಡಿದ ಪೆಟ್ಟಿಗೆಯನ್ನು ಹೈದರಾಬಾದಿಗೆ ತರಿಸುವವರು ಯಾವ ವೇಗಕ್ಕೆ ಲೆಕ್ಕ ಹಾಕಲಾಗಿದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ನಾಲ್ಕು ಮೂಲೆಗಳಲ್ಲಿ ಕಾಂಕ್ರೀಟ್ ಗುದ್ದುಗಳನ್ನು ಹೊಯ್ದು ಬೋಲ್ಟಿನಿಂದ ಬಿಗಿಯುವುದು ಅನಿವಾರ್ಯ. "ಅಡಿಪಾಯವಿಲ್ಲ" ಎಂಬ ಜಾಹೀರಾತಿನ ಮಾತು ಇಲ್ಲಿಗೆ ಮುಗಿಯುತ್ತದೆ.

ಕೊಳ್ಳುವ ಮುನ್ನ ಕಣ್ಣಾರೆ ನೋಡಬೇಕೆನ್ನುವವರು ರಾಜೇಂದ್ರನಗರದ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತಿ ರಾಜ್ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನ ಉದ್ಯಾನವನ್ನು ಸಂದರ್ಶಿಸಬಹುದು. ಅಲ್ಲಿ ಮಿತವ್ಯಯದ ಹಲವು ಮಾದರಿ ಮನೆಗಳನ್ನು ಕಟ್ಟಿ ನಿಲ್ಲಿಸಲಾಗಿದೆ. ಮಣ್ಣಿನ ಒತ್ತಿಟ್ಟಿಗೆಯ ಕೋಣೆಯೊಳಗೆ ಹತ್ತು ನಿಮಿಷ ಕುಳಿತು ಎದ್ದವನಿಗೆ ತಗಡಿನ ಪೆಟ್ಟಿಗೆಯ ಬೆಲೆ ಬೇರೆಯೇ ರೀತಿಯಲ್ಲಿ ಕಂಡರೆ ಆಶ್ಚರ್ಯವಿಲ್ಲ.

ಬೆಲೆ, ಕರಾರು, ದೂರು

ವ್ಯಾಪಾರ ತಾಣದಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಬೆಲೆ ಬಹುತೇಕ ಕಾರ್ಖಾನೆಯ ಬಾಗಿಲಿನ ಬೆಲೆ. ಸರಕು ಮತ್ತು ಸೇವಾ ತೆರಿಗೆ, ಸಾಗಾಣಿಕೆ, ಕ್ರೇನಿನ ದಿನಬಾಡಿಗೆ, ಗುದ್ದುಗಳ ಕೆಲಸ, ನೀರು, ಒಳಚರಂಡಿ ಅಥವಾ ಶೌಚಗುಂಡಿ, ವಿದ್ಯುತ್ ಸಂಪರ್ಕ, ಇವೆಲ್ಲ ಒಂದೊಂದಾಗಿ ಆಮೇಲೆ ಇಣುಕುತ್ತವೆ. ಹೀಗೆ ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷಿದ್ಧ ವಂಚಕ ವಿಧಾನಗಳ ಸಾಲಿಗೆ ಸೇರಿಸಿದೆ. ಕ್ರೇನಿನ ವಿಷಯವನ್ನಂತೂ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು. ಹಳೆಯ ಬಸ್ತಿಗಳ ಗಲ್ಲಿಗಳಲ್ಲಿ ಟ್ರೇಲರ್ ಲಾರಿ ತಿರುಗುವುದಿಲ್ಲ, ಮೇಲೆ ವಿದ್ಯುತ್ ತಂತಿಗಳು ಜಾಲದಂತಿರುತ್ತವೆ. ಬಾಗಿಲವರೆಗೆ ಬಂದ ಮನೆ ಒಳಗಿಳಿಯದೆ ಹಿಂದಿರುಗಿದರೆ ಹೋಗಿಬರುವ ವೆಚ್ಚ ಯಾರದು ಎಂಬುದು ಕರಾರಿನಲ್ಲಿರಲಿ.

ಫ್ಲ್ಯಾಟು ಕೊಳ್ಳುವವರಿಗೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ ರಕ್ಷಣೆಯಿದೆ. ತನ್ನ ನೆಲಕ್ಕೆ ಪೆಟ್ಟಿಗೆ ತರಿಸಿಕೊಳ್ಳುವವನು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವನಿಗೆ ಆಸರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಮಾರಾಟಗಾರ ಇದನ್ನು ಸರಕೆಂದು ಕರೆಯುವುದು ಇಲ್ಲಿ ಗ್ರಾಹಕನ ಅನುಕೂಲಕ್ಕೇ ಒದಗುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಸೂಚಿಸಿದ ಅವಧಿಯಲ್ಲಿ, ಅವಧಿ ಸೂಚಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಕಾಯಿದೆಯ ದೃಷ್ಟಿಯಲ್ಲಿ ಅನುಚಿತ ವ್ಯಾಪಾರ. ನೆಲಕ್ಕೆ ಬಿಗಿದ ಮನೆಯನ್ನು ಹಿಂದಿರುಗಿಸುವುದೆಂತು ಎಂಬ ತೊಡಕು ಇದ್ದೇ ಇದೆ. ಆದ್ದರಿಂದ ಬಿಗಿಯುವ ಮೊದಲೇ ಛಾವಣಿಯ ಸಂದುಗಳ ಮೇಲೆ ನೀರು ಹಾಯಿಸಿ ಪರೀಕ್ಷಿಸುವುದು, ಮತ್ತು ಕೊನೆಯ ಕಂತನ್ನು ಆ ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಳ್ಳುವುದು ಜಾಣತನ. ಒಂದು ಮಳೆಗಾಲ ಕಳೆಯುವವರೆಗಾದರೂ ಸೋರಿಕೆಯ ಹೊಣೆ ಮಾರಾಟಗಾರನದೆಂದು ಬರೆಸಿಕೊಳ್ಳಬೇಕು.

ಒಂದು ಎಚ್ಚರಿಕೆ: ವಾಣಿಜ್ಯ ಉದ್ದೇಶಕ್ಕೆ ಕೊಂಡವರು, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡಿದ್ದರ ಹೊರತು, ಈ ಕಾಯಿದೆಯಂತೆ ಗ್ರಾಹಕರಲ್ಲ. ಹಿತ್ತಿಲಲ್ಲಿ ನಾಲ್ಕು ಪೆಟ್ಟಿಗೆ ಸಾಲಾಗಿಟ್ಟು ತರುಣರಿಗೆ ಬಾಡಿಗೆ ಕೊಡುವವರ ದೂರಿಗೆ ಎದುರಾಳಿ ಮೊದಲು ಎತ್ತುವ ಆಕ್ಷೇಪ ಇದೇ ಆಗಿರುತ್ತದೆ.

2020ರ ವಿದ್ಯುನ್ಮಾನ ವಾಣಿಜ್ಯ ನಿಯಮಗಳಂತೆ ಪ್ರತಿ ವ್ಯಾಪಾರ ತಾಣವೂ ತನ್ನ ವಿಳಾಸವನ್ನೂ ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ವಿಳಾಸವಿಲ್ಲದ, ಮೊಬೈಲ್ ಸಂಖ್ಯೆಯೊಂದನ್ನೇ ಕೊಟ್ಟು ಮುಂಗಡ ಕೇಳುವ ಮಾರಾಟಗಾರನಿಗೆ ಒಂದು ರೂಪಾಯಿಯನ್ನೂ ಕಳುಹಿಸಬಾರದು. ಕಳುಹಿಸಿ ಮೋಸ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಸರಿಯುವ ಮೊದಲೇ ತಡೆಹಿಡಿಯುವ ಸಾಧ್ಯತೆ ಆರಂಭದ ಗಂಟೆಗಳಲ್ಲಿ ಹೆಚ್ಚು.

ಸರಕು ಬಂದು ದೋಷ ಕಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿಯೇ ದೂರು ಹೇಳಿಕೊಳ್ಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದ ಎಲ್ಲ ದೂರುಗಳೂ ಅಲ್ಲಿಗೇ ಸಲ್ಲುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ಮಾರಾಟಗಾರ ಯಾವ ರಾಜ್ಯದಲ್ಲಿದ್ದರೂ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದೆಂಬುದು 2019ರ ಕಾಯಿದೆ ತಂದ ದೊಡ್ಡ ಸೌಲಭ್ಯ. ಹೈದರಾಬಾದಿನಲ್ಲಿ ಕೆಲಸ ಮಾಡಿ ಬೀದರಿನ ಹೊಲಕ್ಕೆ ಪೆಟ್ಟಿಗೆ ತರಿಸಿದವರು ಹೈದರಾಬಾದಿನಲ್ಲಿಯೇ ದೂರು ನೀಡಬಹುದು. ಅವಧಿ ಎರಡು ವರ್ಷ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಲು ಅವಕಾಶವಿದೆ. ದೂರಿನೊಂದಿಗೆ ಬಿಲ್ಲು, ಹಣ ಪಾವತಿಯ ದಾಖಲೆ, ಮಾರಾಟಗಾರನೊಂದಿಗಿನ ಪತ್ರವ್ಯವಹಾರ ಮತ್ತು ಮುಂಗಡ ಕೊಟ್ಟ ದಿನ ತಾಣದಲ್ಲಿ ಕಂಡ ಜಾಹೀರಾತಿನ ಪ್ರತಿ ಇರಬೇಕು. ಈ ಕೊನೆಯದನ್ನು ಕೊಳ್ಳುವ ದಿನವೇ ತೆಗೆದಿಟ್ಟುಕೊಳ್ಳುವುದು ಅವಶ್ಯ. ದೂರು ಹೋದ ಮರುದಿನ ಆ ಪುಟ ತಾಣದಲ್ಲಿ ಉಳಿದಿರುತ್ತದೆಂಬ ಖಾತರಿಯಿಲ್ಲ.